ಐಲೆಟ್ ಕಿತ್ತು ಬರುವುದೇಕೆ? ವೇಷದ ಬಟ್ಟೆಗೆ ಲೋಹದ ಉಂಗುರ ಕೂರಿಸುವ ಬಗೆ

ನವೆಂಬರ್ ಹತ್ತಿರವಾದಂತೆ ದಕ್ಷಿಣ ಬೆಂಗಳೂರಿನ ಮನೆಗಳಲ್ಲಿ ಹೊಲಿಗೆ ಯಂತ್ರಕ್ಕೆ ಬಿಡುವಿರುವುದಿಲ್ಲ. ರಾಜ್ಯೋತ್ಸವದ ರೂಪಕ, ಮಕ್ಕಳ ದಿನಾಚರಣೆಯ ಛದ್ಮವೇಷ, ಆಮೇಲೆ ಶಾಲೆಯ ವಾರ್ಷಿಕೋತ್ಸವ, ಹೀಗೆ ಒಂದರ ಬೆನ್ನಿಗೆ ಒಂದು. ಜೆ.ಪಿ. ನಗರದ ರಂಗಶಂಕರ, ಜಯನಗರದ ಎಚ್.ಎನ್. ಕಲಾಕ್ಷೇತ್ರ, ಹನುಮಂತನಗರದ ಕೆ.ಎಚ್. ಕಲಾಸೌಧಗಳಲ್ಲಿ ನಾಟಕವಾಡುವ ಹವ್ಯಾಸಿ ತಂಡಗಳಿಗಂತೂ ವೇಷ ಹೊಲಿಯುವುದು ವರ್ಷವಿಡೀ ಇರುವ ಕೆಲಸ. ಬಾಡಿಗೆ ಉಡುಪು ಮೈಗೆ ಹೊಂದುವುದಿಲ್ಲವೆಂದು ಎಷ್ಟೋ ಮಂದಿ ತಾವೇ ಹೊಲಿಯಲು ಕೂರುತ್ತಾರೆ. ರಾಣಿಯ ಬಿಗಿ ಕುಪ್ಪಸ, ಸೈನಿಕನ ಕವಚ, ಬೆನ್ನ ಮೇಲೆ ದಾರ ಎಳೆದು ಕಟ್ಟುವ ಗೌನು ಎಲ್ಲವೂ ಚೆನ್ನಾಗಿಯೇ ಬಂದಿರುತ್ತವೆ. ದಾರ ಪೋಣಿಸಿ ಬಿಗಿದಾಗ ಮಾತ್ರ ಐಲೆಟ್ ಕಿತ್ತು ಕೈಗೆ ಬರುತ್ತದೆ. ಪ್ರದರ್ಶನಕ್ಕೆ ಒಂದು ಗಂಟೆ ಉಳಿದಿರುವಾಗ ಸೇಫ್ಟಿ ಪಿನ್ ಹುಡುಕುವ ಪರದಾಟ ಶುರುವಾಗುತ್ತದೆ.

ಇಂಥ ಹೊತ್ತಿನಲ್ಲಿ ಎಲ್ಲರೂ ದೂರುವುದು ಐಲೆಟ್ಟನ್ನೇ. ಮಾಲು ಸರಿಯಿಲ್ಲ, ಐಲೆಟ್ ಒತ್ತುವ ಡೈ ಸರಿಯಿಲ್ಲ, ಇನ್ನೂ ದಪ್ಪದ ಉಂಗುರ ತರಬೇಕಿತ್ತು ಎನ್ನುತ್ತಾರೆ. ಆದರೆ ಕಿತ್ತು ಬಂದ ಐಲೆಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಬಹಳಷ್ಟು ಸಲ ಉಂಗುರ ಮುರಿದಿರುವುದಿಲ್ಲ, ಅದರ ಹಿಂಬದಿಯ ವಾಷರ್ ಬಿಟ್ಟಿರುವುದಿಲ್ಲ, ಎರಡೂ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಅವುಗಳ ನಡುವೆ ಬಟ್ಟೆಯ ನಾಲ್ಕಾರು ಎಳೆಗಳು ಸಿಕ್ಕಿಕೊಂಡಿರುತ್ತವೆ. ಸೋತದ್ದು ಲೋಹವಲ್ಲ, ಬಟ್ಟೆ. ಈ ಲೇಖನದ ವಾದವೂ ಇಷ್ಟೇ: ಐಲೆಟ್ ಬಟ್ಟೆಯನ್ನು ಹಿಡಿದಿಡುವುದಿಲ್ಲ, ಬಟ್ಟೆಯೇ ಐಲೆಟ್ಟನ್ನು ಹಿಡಿದಿಡುತ್ತದೆ. ಹಾಗಾಗಿ ನಿಮ್ಮ ಗಮನದ ಮುಕ್ಕಾಲು ಪಾಲು ಉಂಗುರದ ಕೆಳಗಿನ ಪದರದ ಮೇಲೂ ತೂತು ಮಾಡುವ ರೀತಿಯ ಮೇಲೂ ಇರಬೇಕು. ಸುತ್ತಿಗೆಯ ಪೆಟ್ಟು ಕೊನೆಯ ಮಾತು.

ತೂತಿನ ಹಿಂದಿನ ಲೆಕ್ಕ

ದಾರ ಎಳೆದು ಉಡುಪು ಬಿಗಿಯುವುದು ನಮಗೆ ಹೊಸದಲ್ಲ. ಗುಂಡಿ, ಜಿಪ್ ಬರುವ ಮೊದಲು ಕಸೆ ಅಂಗಿಗಳಿದ್ದವು. ಯಕ್ಷಗಾನದ ವೇಷವನ್ನು ಇಂದಿಗೂ ಬಹುಪಾಲು ದಾರ, ಲಾಡಿಗಳಿಂದಲೇ ಬಿಗಿದು ಕಟ್ಟುತ್ತಾರೆ. ಯುರೋಪಿನಲ್ಲಿ ದಾರದ ತೂತುಗಳಿಗೆ ಸುತ್ತಲೂ ನೂಲಿನಿಂದ ಕಾಜಾ ಹೊಲಿಗೆ ಹಾಕುವ ಪದ್ಧತಿಯಿತ್ತು. ಅಲ್ಲಿ ಲೋಹದ ಐಲೆಟ್‌ಗಳಿಗೆ ಪೇಟೆಂಟ್ ಸಿಕ್ಕಿದ್ದು 1820ರ ದಶಕದಲ್ಲಿ. ನೂಲಿನ ತೂತಿಗಿಂತ ಲೋಹದ್ದು ಹೆಚ್ಚು ಬಿಗಿತ ತಡೆದುಕೊಳ್ಳುತ್ತದೆ, ದಾರ ಸಲೀಸಾಗಿ ಜಾರುತ್ತದೆ, ಕೆಲಸವೂ ಬೇಗ ಮುಗಿಯುತ್ತದೆ. ಆದರೆ ಹಳೆಯ ಪದ್ಧತಿಯಲ್ಲಿ ಒಂದು ಜಾಣತನವಿತ್ತು. ಬಟ್ಟೆಯನ್ನು ಕತ್ತರಿಸದೆ, ದಬ್ಬಣದಿಂದ ಎಳೆಗಳನ್ನು ಪಕ್ಕಕ್ಕೆ ಸರಿಸಿ ತೂತು ಮಾಡುತ್ತಿದ್ದರು. ಲೋಹದ ಉಂಗುರದ ಜೊತೆಗೆ ತೂತು ಹೊಡೆಯುವ ಪಂಚ್ ಬಂದಾಗ ನಾವು ಮರೆತದ್ದು ಅದನ್ನೇ.

ನೇಯ್ದ ಬಟ್ಟೆ ಎಂದರೆ ಹಾಸು ಮತ್ತು ಹೊಕ್ಕು ಎಳೆಗಳ ಹೆಣಿಗೆ. ಎಳೆ ಉದ್ದಕ್ಕೂ ತುಂಡಾಗದೆ ಇರುವವರೆಗೆ, ಎಲ್ಲಿ ಎಳೆದರೂ ಆ ಸೆಳೆತ ಬಟ್ಟೆಯ ತುಂಬ ಹಂಚಿಹೋಗುತ್ತದೆ. 5 ಮಿ.ಮೀ. ಪಂಚ್‌ನಿಂದ ತೂತು ಹೊಡೆದರೆ ಆ 5 ಮಿ.ಮೀ. ಅಗಲದಲ್ಲಿ ಬರುವ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಎಲ್ಲ ತುಂಡಾಗುತ್ತವೆ. ಆಮೇಲೆ ಉಂಗುರ ಕಚ್ಚಿಕೊಂಡಿರುವುದು ತುಂಡಾದ ಎಳೆಗಳ ತುದಿಯನ್ನು ಮಾತ್ರ. ಬಿಗಿತ ಬಿದ್ದಂತೆ ಅವು ಒಂದೊಂದಾಗಿ ಉಂಗುರದ ಕೆಳಗಿನಿಂದ ಜಾರಿ ಬರುತ್ತವೆ. ದಬ್ಬಣ ಚುಚ್ಚಿ ಎಳೆಗಳನ್ನು ಅಗಲಿಸಿದರೆ ಅವು ತುಂಡಾಗದೆ ತೂತಿನ ಸುತ್ತ ಒತ್ತಾಗಿ ಕೂಡಿಕೊಳ್ಳುತ್ತವೆ. ಐಲೆಟ್ಟಿನ ಕೊಳವೆ ಒಳಗೆ ಹೋದಾಗ ಅದನ್ನು ಸುತ್ತುವರಿದಿರುವುದು ಕತ್ತರಿಸಿದ ಅಂಚಲ್ಲ, ಇಡೀ ಎಳೆಗಳ ಕಟ್ಟು. ಒಂದೇ ಬಟ್ಟೆ, ಒಂದೇ ಉಂಗುರ ಇದ್ದರೂ ಎರಡರ ಬಾಳಿಕೆಯಲ್ಲಿ ಅಜಗಜಾಂತರ ಕಾಣುವುದು ಇದೇ ಕಾರಣಕ್ಕೆ.

ಸೆಳೆತ ಎಷ್ಟು ಬೀಳುತ್ತದೆ ಎಂಬುದನ್ನೂ ತಿಳಿದಿರಬೇಕು. ದಾರ ಒಂದು ಐಲೆಟ್ಟಿನೊಳಗೆ ಹೋಗಿ ತಿರುಗಿ ಎದುರು ಬದಿಗೆ ಹೋಗುತ್ತದೆ, ಅಂದರೆ ಪ್ರತಿ ಉಂಗುರವನ್ನೂ ದಾರದ ಎರಡು ಎಳೆಗಳು ಎಳೆಯುತ್ತಿರುತ್ತವೆ. ದಾರದಲ್ಲಿ 1 ಕೆ.ಜಿ. ಬಿಗಿತವಿದ್ದರೆ ಉಂಗುರದ ಮೇಲೆ ಬೀಳುವುದು ಸುಮಾರು 2 ಕೆ.ಜಿ. ಇನ್ನು ಉಡುಪಿನ ಎರಡು ಅಂಚನ್ನು ಹತ್ತಿರ ತರಲು ಒಟ್ಟು 16 ಕೆ.ಜಿ. ಸೆಳೆತ ಬೇಕು ಎಂದಿಟ್ಟುಕೊಳ್ಳಿ. ಒಂದು ಬದಿಗೆ 4 ಐಲೆಟ್ ಇದ್ದರೆ ತಲಾ 4 ಕೆ.ಜಿ. ಬೀಳುತ್ತದೆ, 8 ಇದ್ದರೆ ತಲಾ 2 ಕೆ.ಜಿ. ಖರ್ಚು ಉಳಿಸಲೆಂದು ಎರಡೆರಡು ಇಂಚಿಗೊಂದು ಐಲೆಟ್ ಹಾಕಿದವರು ಪ್ರತಿ ಉಂಗುರದ ಹೊರೆಯನ್ನು ದುಪ್ಪಟ್ಟು ಮಾಡಿರುತ್ತಾರೆ. ದೊಡ್ಡ ಉಂಗುರಗಳನ್ನು ದೂರ ದೂರ ಹಾಕುವುದಕ್ಕಿಂತ ಸಣ್ಣವನ್ನು ಹತ್ತಿರ ಹತ್ತಿರ ಹಾಕುವುದು ಲೇಸು.

ಪದರದ ಮಹತ್ವಕ್ಕೆ ಸಾಕ್ಷಿ ಬೇಕಿದ್ದರೆ ಟಾರ್ಪಾಲಿನ ಅಂಚನ್ನು ನೋಡಿ. ಅಲ್ಲಿ ಐಲೆಟ್ ಎಂದೂ ಒಂಟಿ ಪದರದಲ್ಲಿ ಇರುವುದಿಲ್ಲ. ಅಂಚನ್ನು ಮಡಿಚಿ, ಹಲವು ಕಡೆ ಮಡಿಕೆಯೊಳಗೆ ಹಗ್ಗವನ್ನೂ ಸೇರಿಸಿ, ಅದರ ಮೇಲೆ ಉಂಗುರ ಕೂರಿಸಿರುತ್ತಾರೆ. ಲಾರಿಯ ಮೇಲೆ ಗಾಳಿಯ ಹೊಡೆತ ತಡೆಯುವ ಬಟ್ಟೆಗೇ ಇಷ್ಟು ಬೇಕೆಂದ ಮೇಲೆ, ತೆಳು ಸ್ಯಾಟಿನ್ನಿಗೆ ಬರೀ ಲೈನಿಂಗ್ ಕೊಟ್ಟು ಐಲೆಟ್ ನಿಲ್ಲಲಿ ಎಂದು ಆಶಿಸುವುದು ಸರಿಯಲ್ಲ.

ಏನೇನು ಬೇಕು, ಎಲ್ಲಿ ಸಿಗುತ್ತದೆ

ಐಲೆಟ್‌ಗಳಲ್ಲಿ ಎರಡು ಬಗೆ. ಒಂದೇ ತುಂಡಿನದರಲ್ಲಿ ಕೊಳವೆಯ ತುದಿ ಸೀಳಿ ಬಟ್ಟೆಯ ಹಿಂಬದಿಗೆ ನೇರವಾಗಿ ಮಡಿಚಿಕೊಳ್ಳುತ್ತದೆ. ಕಾಗದ, ಟ್ಯಾಗ್, ಅಲಂಕಾರಕ್ಕೆ ಅದು ಸಾಕು, ಬಿಗಿಯುವ ಉಡುಪಿಗೆ ಬೇಡ. ಮಡಿಚಿದ ಚೂಪು ಹಲ್ಲುಗಳು ಬಟ್ಟೆಯನ್ನೂ ದಾರವನ್ನೂ ಮೈಯನ್ನೂ ಗೀರುತ್ತವೆ. ನಿಮಗೆ ಬೇಕಾದದ್ದು ವಾಷರ್ ಸಮೇತ ಬರುವ ಎರಡು ತುಂಡಿನ ಐಲೆಟ್. ಅದರ ಕೊಳವೆ ಬಟ್ಟೆಯನ್ನು ದಾಟಿ, ವಾಷರ್‌ನ ಮೇಲೆ ಸುತ್ತಲೂ ಒಂದೇ ಸಮನೆ ಸುರುಳಿಯಾಗಿ ಕೂರುತ್ತದೆ. ಕುಪ್ಪಸ, ಗೌನುಗಳಿಗೆ ಒಳ ತೂತು 4ರಿಂದ 5 ಮಿ.ಮೀ. ಇರುವುದು, ದಪ್ಪ ಕವಚಕ್ಕೆ 6 ಮಿ.ಮೀ. ಸರಿಹೋಗುತ್ತದೆ. ಕರ್ಟನ್ನಿಗೆ ಹಾಕುವ ದೊಡ್ಡ ಐಲೆಟ್‌ಗಳನ್ನು ಇದಕ್ಕೆ ಬಳಸಬೇಡಿ.

ಲೋಹ ಯಾವುದು ಎಂದು ತಿಳಿಯಲು ಫ್ರಿಜ್ಜಿನ ಮ್ಯಾಗ್ನೆಟ್ ಒಂದು ಜೇಬಿನಲ್ಲಿರಲಿ. ಅಂಟಿಕೊಂಡರೆ ಅದು ಬಣ್ಣ ಕೊಟ್ಟ ಕಬ್ಬಿಣ. ಮೇಲಿನ ಲೇಪ ಸವೆದು ಬೆವರು, ನೀರು ತಾಗಿದರೆ ತುಕ್ಕು ಹಿಡಿದು ಬಟ್ಟೆಯ ಮೇಲೆ ಕಂದು ಕಲೆ ಬಿಡುತ್ತದೆ. ಹಿತ್ತಾಳೆ ಅಂಟುವುದಿಲ್ಲ, ತುಕ್ಕೂ ಹಿಡಿಯುವುದಿಲ್ಲ, ಸುರುಳಿಯಾಗುವಾಗ ಸುಲಭವಾಗಿ ಬಾಗುತ್ತದೆ, ಬಹುಕಾಲದ ಮೇಲೆ ಹಸಿರುಗಟ್ಟಬಹುದು ಅಷ್ಟೆ. ಅಲ್ಯೂಮಿನಿಯಂ ಕೂಡ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಅದು ಹಗುರ ಮತ್ತು ಮೆತ್ತಗೆ, ಹೆಚ್ಚು ಬಿಗಿತಕ್ಕೆ ಒಗ್ಗದು. ಒಂದು ಸಲ ಹಾಕಿ ಬಿಡುವ ಛದ್ಮವೇಷಕ್ಕೆ ಕಬ್ಬಿಣವಾದರೂ ನಡೆದೀತು. ತಂಡದ ಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಇರಬೇಕಾದ ಉಡುಪಿಗೆ ಹಿತ್ತಾಳೆಯೇ ಸರಿ.

ಇವುಗಳ ಜೊತೆಗೆ ಅದೇ ಅಳತೆಯ ಮೇಲಿನ ಮತ್ತು ಕೆಳಗಿನ ಡೈ, ಹಿಡಿಯುಳ್ಳ ಚೂಪು ದಬ್ಬಣ, ಮರದ ಅಥವಾ ರಬ್ಬರಿನ ಕೊಡತಿ, ದಪ್ಪ ಮರದ ತುಂಡು, ಟೈಲರ್ ಚಾಕ್, ಸ್ಕೇಲು ಬೇಕು. ಡೈಯನ್ನು ಐಲೆಟ್ ಕೊಳ್ಳುವ ಅಂಗಡಿಯಲ್ಲೇ ಕೊಂಡುಕೊಳ್ಳಿ. ಬೇರೆ ಕಡೆಯದಾದರೆ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಕೊಳವೆ ಸೀಳುತ್ತದೆ. ಜಯನಗರ ನಾಲ್ಕನೇ ಬ್ಲಾಕ್ ಸುತ್ತಲಿನ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ. ಹೆಚ್ಚು ಆಯ್ಕೆ ಬೇಕಿದ್ದರೆ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಕಡೆ ಹೋಗಿ. ಜೆ.ಪಿ. ನಗರ, ಬನಶಂಕರಿ, ಜಯನಗರದವರಿಗೆ ಮೆಟ್ರೋ ಹಸಿರು ಮಾರ್ಗ ನೇರವಾಗಿ ಚಿಕ್ಕಪೇಟೆಗೆ ಮುಟ್ಟಿಸುತ್ತದೆ. ಬಿಟಿಎಂ ಬಡಾವಣೆಯವರು 2025ರಲ್ಲಿ ಶುರುವಾದ ಹಳದಿ ಮಾರ್ಗದಲ್ಲಿ ಬಂದು ಆರ್.ವಿ. ರಸ್ತೆಯಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿಕೊಳ್ಳಬೇಕು. ಹೋಗುವಾಗ ಉಡುಪಿನ ಎಲ್ಲ ಪದರಗಳನ್ನೂ ಸೇರಿಸಿ ಹೊಲಿದ ತುಂಡೊಂದು ಕೈಯಲ್ಲಿರಲಿ. ಐಲೆಟ್ಟಿನ ಕೊಳವೆ ಎಷ್ಟು ಉದ್ದವಿರಬೇಕೆಂದು ಹೇಳುವುದು ಆ ತುಂಡೇ. ಬಟ್ಟೆಯನ್ನೂ ವಾಷರನ್ನೂ ಏರಿಸಿ ಒತ್ತಿ ಹಿಡಿದಾಗ ಕೊಳವೆಯ ತುದಿ ಸುಮಾರು ಒಂದೂವರೆಯಿಂದ 2 ಮಿ.ಮೀ. ಮೇಲೆ ಕಾಣಬೇಕು. ಅದಕ್ಕಿಂತ ಗಿಡ್ಡವಾದರೆ ಸುರುಳಿಯಾಗಲು ಲೋಹ ಸಾಲದು, ಉದ್ದವಾದರೆ ಸೊಟ್ಟಗೆ ಮಡಿಚಿಕೊಳ್ಳುತ್ತದೆ.

ಕೂರಿಸುವ ಕ್ರಮ

1. ಒಳಪದರ ಕೊಡಿ. ಹೊರಬಟ್ಟೆ ಮತ್ತು ಲೈನಿಂಗ್ ನಡುವೆ, ಐಲೆಟ್ ಸಾಲು ಬರುವ ಉದ್ದಕ್ಕೂ ಒಂದೂವರೆ ಇಂಚು ಅಗಲದ ಗಟ್ಟಿ ಹತ್ತಿಬಟ್ಟೆಯ ಪಟ್ಟಿ ಇಡಿ. ಡ್ರಿಲ್ ಅಥವಾ ಒತ್ತಾಗಿ ನೇಯ್ದ ಕಾಟನ್ ಆದರೆ ಎರಡು ಪದರ ಸಾಕು. ಪೇಸ್ಟಿಂಗ್ ಕ್ಯಾನ್ವಾಸ್ ಅಥವಾ ಬಕ್ರಂ ಒಂದನ್ನೇ ನಂಬಬೇಡಿ. ಅದು ಬಟ್ಟೆಯನ್ನು ಬಿರುಸಾಗಿಸುತ್ತದೆ, ಸೆಳೆತ ತಡೆಯುವ ಎಳೆಗಳು ಅದರಲ್ಲಿ ಕಡಿಮೆ. ಪಟ್ಟಿಯ ಹಾಸು, ಹೊಕ್ಕು ಎಳೆಗಳು ಉಡುಪಿನ ಅಂಚಿಗೆ ನೇರವಾಗಿರಲಿ. ಓರೆಯಾಗಿ ಕತ್ತರಿಸಿದ ಪಟ್ಟಿ ಹಿಗ್ಗುತ್ತದೆ, ಉಪಯೋಗಕ್ಕೆ ಬಾರದು.

2. ಅಂಚಿಗೆ ಬೆನ್ನೆಲುಬು ಕೊಡಿ. ದಾರ ಎಳೆದಾಗ ಬಟ್ಟೆ ಮುದುಡಿ ಐಲೆಟ್‌ಗಳು ಒಂದರ ಮೇಲೊಂದು ಬರದಿರಲು ಸಾಲಿನ ಎರಡೂ ಪಕ್ಕ ಸಣ್ಣ ಗೂಡು ಹೊಲಿದು ಬೋನಿಂಗ್ ಎನ್ನುವ ಬಿರುಸು ಪಟ್ಟಿ ತೂರಿಸಬೇಕು. ದುಬಾರಿ ಬೋನಿಂಗ್ ಬೇಕೆಂದಿಲ್ಲ, ಎಲೆಕ್ಟ್ರಿಕಲ್ ಅಂಗಡಿಯ ಅಗಲವಾದ ಕೇಬಲ್ ಟೈ ವೇಷಕ್ಕೆ ಧಾರಾಳ ಸಾಕು. ತುದಿಗಳನ್ನು ಕತ್ತರಿಸಿ, ದುಂಡಗೆ ಉಜ್ಜಿ, ಚುಚ್ಚದಂತೆ ಟೇಪು ಸುತ್ತಿ. ತೀರಾ ಚಿಕ್ಕ ಮಕ್ಕಳ ಉಡುಪಿಗೆ ಇದನ್ನು ಬಿಟ್ಟು ಬರೀ ಒಳಪದರ ಹೆಚ್ಚಿಸಬಹುದು.

3. ಗುರುತು ಹಾಕಿ. ಐಲೆಟ್ಟಿನ ನಡುಬಿಂದು ಅಂಚಿನಿಂದ ಸುಮಾರು ಅರ್ಧ ಇಂಚು ಒಳಗಿರಲಿ, ಅಂಚಿನಲ್ಲಿ ಬೋನಿಂಗ್ ಇದ್ದರೆ ಅದನ್ನು ದಾಟಿ ಇನ್ನೂ ಒಂದಿಷ್ಟು ಒಳಗೆ. ಒಂದರಿಂದ ಒಂದಕ್ಕೆ ಒಂದು ಇಂಚು. ಬಿಗಿತ ಹೆಚ್ಚು ಬೀಳುವ ಸೊಂಟದಲ್ಲಿ ಮುಕ್ಕಾಲು ಇಂಚಾದರೂ ಸರಿ. ಎಡ ಬಲ ಎರಡೂ ಅಂಚನ್ನು ಒಂದರ ಮೇಲೊಂದು ಇಟ್ಟು ಒಟ್ಟಿಗೆ ಗುರುತಿಸಿ, ಎದುರುಬದುರು ಸಾಲು ತಪ್ಪುವುದಿಲ್ಲ.

4. ದಬ್ಬಣದಿಂದ ತೂತು ತೆರೆಯಿರಿ. ಗುರುತಿನ ಮೇಲೆ ಮೊನೆ ಇಟ್ಟು ತಿರುಗಿಸುತ್ತ ನಿಧಾನವಾಗಿ ಒತ್ತಿ. ಮುಂದಿನಿಂದಲೂ ಹಿಂದಿನಿಂದಲೂ ಎರಡೆರಡು ಸಲ ಮಾಡಿ. ಇನ್ನೂ ಅಗಲ ಬೇಕಿದ್ದರೆ ಹೆಣಿಗೆ ಕಡ್ಡಿ ಅಥವಾ ಮೊಂಡಾದ ಪೆನ್ಸಿಲ್ ತೂರಿಸಿ ಹಿಗ್ಗಿಸಿ. ಕೊಳವೆ ಸ್ವಲ್ಪ ಒತ್ತಾಯದಿಂದಲೇ ಒಳಗೆ ಹೋಗಬೇಕು. ಸಲೀಸಾಗಿ ಜಾರಿಹೋದರೆ ತೂತು ದೊಡ್ಡದಾಯಿತೆಂದೇ ಅರ್ಥ. ಪದರ ಬಹಳ ದಪ್ಪವಿದ್ದು ದಬ್ಬಣಕ್ಕೆ ಬಗ್ಗದಿದ್ದರೆ, ಕೊಳವೆಯ ಅರ್ಧ ಅಳತೆಯ ಪಂಚ್‌ನಿಂದ ಸಣ್ಣ ತೂತು ಹೊಡೆದು, ಉಳಿದದ್ದನ್ನು ದಬ್ಬಣದಿಂದಲೇ ಹಿಗ್ಗಿಸಿ.

5. ಕೂಡಲೇ ಐಲೆಟ್ ಹಾಕಿ. ಹತ್ತು ತೂತು ಒಟ್ಟಿಗೆ ಮಾಡಿಟ್ಟುಕೊಂಡರೆ ಕೊನೆಯದಕ್ಕೆ ಬರುವ ಹೊತ್ತಿಗೆ ಎಳೆಗಳು ಮತ್ತೆ ಕೂಡಿಕೊಂಡಿರುತ್ತವೆ. ಕೊಳವೆಯನ್ನು ಉಡುಪಿನ ಹೊರಮೈಯಿಂದ ಒಳಕ್ಕೆ ತೂರಿಸಿ. ಹೊರಗೆ ಕಾಣಬೇಕಾದದ್ದು ನಯವಾದ ಅಂಚು. ಬಟ್ಟೆಯನ್ನು ಉಗುರಿನಿಂದ ಒತ್ತಿ ಕೊಳವೆಯ ಬುಡಕ್ಕೆ ಇಳಿಸಿ.

6. ವಾಷರ್ ಏರಿಸಿ. ವಾಷರ್‌ಗೆ ಉಬ್ಬಿದ ಬದಿ, ತಗ್ಗಿದ ಬದಿ ಇರುತ್ತವೆ. ಉಬ್ಬಿದ್ದು ನಿಮ್ಮ ಕಡೆಗೆ, ತಗ್ಗಿದ್ದು ಬಟ್ಟೆಯ ಕಡೆಗೆ ಇರಲಿ.

7. ಹಗುರವಾಗಿ ಹಲವು ಪೆಟ್ಟು ಕೊಡಿ. ಕೆಳಗಿನ ಡೈಯನ್ನು ಮರದ ತುಂಡಿನ ಮೇಲೆ, ಆ ತುಂಡನ್ನು ನೆಲದ ಮೇಲೆ ಅಥವಾ ಮೇಜಿನ ಕಾಲಿನ ನೇರಕ್ಕೆ ಇಡಿ. ಮೇಜಿನ ನಡುವೆ ಇಟ್ಟರೆ ಹಲಗೆ ಪುಟಿದು ಪೆಟ್ಟಿನ ಬಲವೆಲ್ಲ ವ್ಯರ್ಥವಾಗುತ್ತದೆ. ಮೇಲಿನ ಡೈಯನ್ನು ನೆಟ್ಟಗೆ ಹಿಡಿದು ಮೊದಲು ಎರಡು ಸಣ್ಣ ಪೆಟ್ಟು ಕೊಟ್ಟು ಕೊಳವೆ ಅಗಲವಾಗುತ್ತಿದೆಯೇ ನೋಡಿ, ಆಮೇಲೆ ಡೈಯನ್ನು ಕಾಲುಭಾಗ ತಿರುಗಿಸಿ ಇನ್ನು ಮೂರ್ನಾಲ್ಕು. ಒಂದೇ ದೊಡ್ಡ ಪೆಟ್ಟಿಗೆ ಕೊಳವೆ ಒಂದು ಪಕ್ಕ ಸೀಳುತ್ತದೆ.

8. ಪರೀಕ್ಷಿಸಿ. ಉಂಗುರವನ್ನು ಬೆರಳಲ್ಲಿ ಹಿಡಿದು ತಿರುಗಿಸಿ. ತಿರುಗಿದರೆ ಬಿಗಿ ಸಾಲದು, ಇನ್ನೆರಡು ಪೆಟ್ಟು ಬೇಕು. ಹತ್ತಿಯ ಉಂಡೆಯನ್ನು ಎರಡೂ ಕಡೆ ಉಜ್ಜಿ ನೋಡಿ. ಹತ್ತಿಯ ಎಳೆ ಸಿಕ್ಕಿಕೊಂಡರೆ ಅಲ್ಲಿ ಚೂಪು ಇದೆ, ನಾಳೆ ಅದೇ ನಿಮ್ಮ ದಾರವನ್ನು ಕೊಯ್ಯುತ್ತದೆ.

ಇದೆಲ್ಲವನ್ನೂ ಉಡುಪಿನ ಮೇಲೆ ಮಾಡುವ ಮೊದಲು ಅಂಗಡಿಗೆ ಒಯ್ದಿದ್ದ ಆ ಮಾದರಿ ತುಂಡಿನ ಮೇಲೆ ಮಾಡಬೇಕು. ಅದರಲ್ಲಿ ಒಂದು ಐಲೆಟ್ ಕೂರಿಸಿ, ತುಂಡಿನ ಮೇಲ್ತುದಿಯನ್ನು ಗಟ್ಟಿಯಾಗಿ ಕಟ್ಟಿ, ಐಲೆಟ್ಟಿಗೆ ದಾರ ಪೋಣಿಸಿ 2 ಲೀಟರ್ ನೀರಿನ ಬಾಟಲಿಗಳನ್ನು ಎರಡು ನೇತುಹಾಕಿ ಒಂದು ಗಂಟೆ ಬಿಡಿ. ಸುಮಾರು 4 ಕೆ.ಜಿ. ಆಯಿತು. ಆಮೇಲೆ ಉಂಗುರದ ಅಂಚಿನಲ್ಲಿ ಬಟ್ಟೆ ಜಾರಿ ಬಿರುಕು ಕಾಣದಿದ್ದರೆ ನಿಮ್ಮ ಪದರ ಸರಿಯಾಗಿದೆ. ಕಂಡರೆ ಉಂಗುರ ಬದಲಿಸಬೇಡಿ, ಇನ್ನೊಂದು ಪದರ ಸೇರಿಸಿ.

ಬಟ್ಟೆಗೆ ತಕ್ಕ ಉಪಾಯ

ಎಲ್ಲ ಬಟ್ಟೆಗೂ ಒಂದೇ ನಿಯಮ ನಡೆಯುವುದಿಲ್ಲ. ಸ್ಯಾಟಿನ್‌ನ ಎಳೆಗಳು ನುಣುಪಾಗಿ ಜಾರುವುದರಿಂದ ಅದಕ್ಕೆ ಒಳಪದರ ಕಡ್ಡಾಯ, ಹೊರೆಯನ್ನೆಲ್ಲ ಕಾಟನ್ನೇ ಹೊರಬೇಕು. ಜರಿ ಬ್ರೊಕೇಡಿನಲ್ಲಿ ದಬ್ಬಣವನ್ನು ಅವಸರದಿಂದ ಒತ್ತಿದರೆ ಜರಿ ತುಂಡಾಗಿ ಹೊರಗೆ ಚಾಚುತ್ತದೆ, ಚೂರು ಚೂರೇ ಅಗಲಿಸಬೇಕು. ಮಖಮಲ್ಲಿನ ಮೇಲೆ ಡೈ ಒತ್ತಿದ ಗುರುತು ಉಳಿಯುತ್ತದೆ, ಕೆಳಗೆ ಅದೇ ಮಖಮಲ್ಲಿನ ಚೂರೊಂದನ್ನು ನಡುವೆ ತೂತು ಮಾಡಿ ಇಟ್ಟುಕೊಂಡರೆ ಒಳಿತು. ನೆಟ್ ಮತ್ತು ಹಿಗ್ಗುವ ಲೈಕ್ರಾಗಳಿಗೆ ಐಲೆಟ್ಟನ್ನು ಹಿಡಿಯುವ ಶಕ್ತಿಯೇ ಇಲ್ಲ. ಅವುಗಳ ಹಿಂದೆ ಹಿಗ್ಗದ ಪಟ್ಟಿ ಹೊಲಿಯದೆ ಮುಂದುವರಿಯಬೇಡಿ. ಸೈನಿಕರ ಕವಚಕ್ಕೆ ಬಳಸುವ ರೆಕ್ಸಿನ್‌ನ ಮಾತು ಬೇರೆ. ಅದರ ಮೇಲ್ಪದರಕ್ಕೆ ಸರಿಸಬಹುದಾದ ಎಳೆಗಳಿಲ್ಲ, ಅಲ್ಲಿ ಪಂಚ್ ಬಳಸುವುದೇ ಸರಿ, ಆದರೆ ಕೊಳವೆಗಿಂತ ಒಂದು ಅಳತೆ ಚಿಕ್ಕದು. ಒಳಗೆ ಫೋಮ್ ಇದ್ದರೆ ಐಲೆಟ್ ಸಾಲಿನ ಒಂದು ಇಂಚು ಅಗಲಕ್ಕೆ ಅದನ್ನು ಕತ್ತರಿಸಿ ತೆಗೆಯಿರಿ. ಫೋಮ್ ಮೊದಲು ಬಿಗಿಯಾಗಿ ಕಂಡರೂ ದಿನ ಕಳೆದಂತೆ ಕುಗ್ಗುತ್ತದೆ, ಉಂಗುರ ಸಡಿಲವಾಗಿ ಅಲ್ಲಾಡತೊಡಗುತ್ತದೆ.

ಬರಬಹುದಾದ ಆಕ್ಷೇಪಗಳು

ಇಷ್ಟೆಲ್ಲ ತಾಪತ್ರಯವೇಕೆ, ಜಿಪ್ಪೋ ವೆಲ್ಕ್ರೋವೋ ಹಾಕಿದರಾಗದೇ ಎಂದು ಕೇಳಬಹುದು. ಒಬ್ಬರೇ ಒಂದೇ ಸಲ ಹಾಕುವ ಉಡುಪಾದರೆ ಖಂಡಿತ ಆಗುತ್ತದೆ. ಆದರೆ ವೇಷದ ಉಡುಪಿನ ಸ್ವಭಾವವೇ ಬೇರೆ: ಈ ವರ್ಷ ಐದನೇ ತರಗತಿಯ ಹುಡುಗಿ ಹಾಕಿದ ಚೆನ್ನಮ್ಮನ ಉಡುಪು ಮುಂದಿನ ವರ್ಷ ಇನ್ನೊಬ್ಬಳಿಗೆ ಹೋಗುತ್ತದೆ, ನಾಟಕದಲ್ಲಿ ನಟ ಬದಲಾದರೂ ಉಡುಪು ಅದೇ. ದಾರ ಬಿಗಿಯುವ ಉಡುಪು ಎರಡು ಮೂರು ಇಂಚಿನ ವ್ಯತ್ಯಾಸವನ್ನು ಕತ್ತರಿ ಮುಟ್ಟದೆ ಸರಿದೂಗಿಸುತ್ತದೆ, ಜಿಪ್ಪಿಗೆ ಅದು ಸಾಧ್ಯವಿಲ್ಲ. ವೆಲ್ಕ್ರೋ ಬಿಚ್ಚುವಾಗಿನ ಪರ್ರೆನ್ನುವ ಸದ್ದು ಬೇರೆ. ರಂಗಶಂಕರದಂಥ ಕಡೆ ಪ್ರೇಕ್ಷಕರು ವೇದಿಕೆಯ ಮೂರು ಬದಿಗೂ ಹತ್ತಿರದಲ್ಲೇ ಕೂತಿರುತ್ತಾರೆ, ಪಾತ್ರಧಾರಿಯ ಬೆನ್ನೂ ಅಲ್ಲಿರುವ ಜಿಪ್ಪೂ ಅವರಿಗೆ ಕಾಣುತ್ತವೆ. ಆದರೂ ಈ ಆಕ್ಷೇಪದಲ್ಲಿ ಒಂದು ನಿಜವಿದೆ: ದೃಶ್ಯಗಳ ನಡುವೆ ಒಂದೇ ನಿಮಿಷದಲ್ಲಿ ವೇಷ ಬದಲಿಸಬೇಕಾದಲ್ಲಿ ದಾರ ಬಿಗಿಯುತ್ತ ಕೂರಲಾಗದು. ಅಲ್ಲಿ ಪಕ್ಕದಲ್ಲಿ ಜಿಪ್ ಇಟ್ಟು, ಬೆನ್ನಿನ ದಾರವನ್ನು ಮೊದಲೇ ಅಳತೆಗೆ ಬಿಗಿದು ಕಟ್ಟಿಡುವುದೇ ದಾರಿ.

ಎರಡನೆಯ ಆಕ್ಷೇಪ: ಬಡಾವಣೆಗೊಂದು ಕಾಜಾ ಬಟನ್ ಅಂಗಡಿಯಿದೆ, ಬ್ಯಾಗ್ ರಿಪೇರಿಯವರಿದ್ದಾರೆ, ಪ್ರೆಸ್‌ನಲ್ಲಿ ಕ್ಷಣದಲ್ಲಿ ಹಾಕಿಕೊಡುತ್ತಾರೆ, ನಾವೇಕೆ ಸುತ್ತಿಗೆ ಹಿಡಿಯಬೇಕು? ಪ್ರೆಸ್‌ನ ಒತ್ತಡ ನೆಟ್ಟಗೆ, ಒಂದೇ ಸಮನೆ ಬೀಳುವುದರಿಂದ ಸುರುಳಿ ಚೆನ್ನಾಗಿ ಬರುತ್ತದೆ ಎಂಬುದು ಸತ್ಯ. ನಲವತ್ತು ಐವತ್ತು ಐಲೆಟ್ ಹಾಕುವುದಿದ್ದರೆ ಅವರಲ್ಲಿ ಕೊಡುವುದೇ ಜಾಣತನ. ಆದರೆ ಯಂತ್ರ ಒತ್ತಡವನ್ನಷ್ಟೇ ಕೊಡುತ್ತದೆ, ಪದರವನ್ನಲ್ಲ. ಒಳಪಟ್ಟಿ ಹೊಲಿದು, ಗುರುತು ಹಾಕಿ, ಮಾದರಿ ತುಂಡಿನೊಂದಿಗೆ ಒಯ್ಯಿರಿ. ಪ್ರೆಸ್‌ನಲ್ಲೇ ತೂತು ಹೊಡೆಯುವವರಾದರೆ, ದಬ್ಬಣದಿಂದ ತೆರೆದ ತೂತಿಗೆ ಹಾಕಿಕೊಡುವಂತೆ ಕೇಳಿ. ಒಪ್ಪದಿದ್ದರೆ ಒಳಪದರವನ್ನು ಒಂದು ಹೆಚ್ಚಿಸಿ ಕೊಡಿ.

ಮೂರನೆಯದು ಹಳೆಯ ಕ್ರಮವನ್ನು ಮೆಚ್ಚುವವರ ಮಾತು: ನೂಲಿನಿಂದ ಹೊಲಿದ ತೂತೇ ಚೆಂದ, ಹಾಳಾದರೆ ಮತ್ತೆ ಹೊಲಿಯಬಹುದು. ತೆಳು ರೇಷ್ಮೆಗೂ, ಲೋಹದ ಹೊಳಪು ಹೊಂದದ ಪೌರಾಣಿಕ ವೇಷಕ್ಕೂ ಇದು ಒಪ್ಪುವ ಮಾತೇ. ಆದರೆ ಬಿಗಿತ ಹೆಚ್ಚಿದ್ದಲ್ಲಿ ನೂಲು ಸವೆಯುತ್ತದೆ. ಎರಡೂ ಬೇಕೆನ್ನುವವರು ಐಲೆಟ್ ಕೂರಿಸಿ, ಅದರ ಸುತ್ತ ಬಟ್ಟೆಯ ಬಣ್ಣದ ಗಟ್ಟಿ ನೂಲಿನಿಂದ ಒತ್ತಾಗಿ ಕಾಜಾ ಹೊಲಿಗೆ ಹಾಕಲಿ. ಲೋಹವೂ ಮರೆಯಾಗುತ್ತದೆ, ಹೊಲಿಗೆ ಹೊರೆಯನ್ನೂ ಹಂಚಿಕೊಳ್ಳುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಕತ್ತರಿಯಿಂದ ಗುಣಾಕಾರದ ಗುರುತಿನಂತೆ ಸೀಳುವುದು. ಪಂಚ್‌ಗಿಂತಲೂ ಇದು ಕೆಟ್ಟದ್ದು, ಸೀಳಿನ ನಾಲ್ಕು ತುದಿಗಳಿಂದಲೂ ಬಟ್ಟೆ ಹರಿಯುತ್ತ ಹೋಗುತ್ತದೆ.

• ಒಂದು ಬದಿಗೆ ಮಾತ್ರ ಒಳಪದರ ಕೊಡುವುದು. ದಾರ ಎರಡೂ ಬದಿಯನ್ನು ಸಮವಾಗಿಯೇ ಎಳೆಯುತ್ತದೆ.

• ಉಡುಪಿನ ಅಳತೆಯನ್ನು ಅಂಚಿಗೆ ಅಂಚು ಕೂಡುವಂತೆ ಇಡುವುದು. ಬೆನ್ನಿನಲ್ಲಿ ಒಂದೂವರೆ ಎರಡು ಇಂಚು ಬಿಟ್ಟಿದ್ದರೆ ಮಾತ್ರ ಬಿಗಿಯಲು ಜಾಗವಿರುತ್ತದೆ. ಆ ತೆರಪಿನ ಹಿಂದೆ ಉಡುಪಿನದೇ ಬಟ್ಟೆಯ ಪಟ್ಟಿಯೊಂದನ್ನು ಒಂದು ಬದಿಗೆ ಹೊಲಿದರೆ ಮೈ ಕಾಣುವುದಿಲ್ಲ.

• ನುಣುಪಾದ ಸ್ಯಾಟಿನ್ ರಿಬ್ಬನ್‌ನಲ್ಲಿ ಬಿಗಿಯುವುದು. ಅದರ ಗಂಟು ಜಾರುತ್ತದೆ. ಬಿಗಿತಕ್ಕೆ ಚಪ್ಪಟೆ ಶೂ ಲೇಸಿನಂಥ ಹೆಣೆದ ದಾರವೇ ಸರಿ, ರಿಬ್ಬನ್ನನ್ನು ಮೇಲಿನ ಅಲಂಕಾರಕ್ಕಷ್ಟೇ ಇಟ್ಟುಕೊಳ್ಳಿ.

• ಸರಿಬರದ ಐಲೆಟ್ಟನ್ನು ಎಳೆದು ಕೀಳುವುದು. ಹಿಂಬದಿಯ ಸುರುಳಿಯನ್ನು ಕಟಿಂಗ್ ಪ್ಲೇಯರ್‌ನಿಂದ ಎರಡು ಮೂರು ಕಡೆ ಕತ್ತರಿಸಿ ವಾಷರ್ ಬಿಡಿಸಿದರೆ ಬಟ್ಟೆ ಉಳಿಯುತ್ತದೆ. ತೆಗೆದದ್ದನ್ನು ಮತ್ತೆ ಬಳಸಬೇಡಿ. ತೂತು ಹಿಗ್ಗಿದ್ದರೆ ಹಿಂದೆ ಹೊಸ ತುಂಡು ಹೊಲಿದು, ಒಂದು ಅಳತೆ ದೊಡ್ಡ ಐಲೆಟ್ ಹಾಕಿ.

ಎಚ್ಚರಿಕೆ

ಪೆಟ್ಟು ತಪ್ಪಿದರೆ ಉಂಗುರವೋ ಲೋಹದ ಚೂರೋ ಚಿಮ್ಮುತ್ತದೆ, ಕಣ್ಣಿಗೆ ಕನ್ನಡಕವಿರಲಿ. ದಬ್ಬಣ ಒತ್ತುವಾಗ ಬಟ್ಟೆಯ ಕೆಳಗೆ ಅಂಗೈ ಇಡಬೇಡಿ, ಥರ್ಮೋಕೋಲ್ ಇಡಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯ ಮೇಲೆ ಕುಟ್ಟಿದರೆ ಕಲ್ಲು ಬಿರುಕು ಬಿಡಬಹುದು. ಅಪಾರ್ಟ್‌ಮೆಂಟಿನಲ್ಲಿರುವವರು ಮರದ ತುಂಡಿನ ಕೆಳಗೆ ಹಳೆಯ ಚಾಪೆಯೋ ರಬ್ಬರ್ ಮ್ಯಾಟೋ ಹಾಸಿ, ಹಗಲಿನಲ್ಲೇ ಕೆಲಸ ಮುಗಿಸಿ. ಐಲೆಟ್, ವಾಷರ್‌ಗಳು ಚಿಕ್ಕ ಮಕ್ಕಳ ಬಾಯಿಗೆ ಹೋಗುವಷ್ಟು ಸಣ್ಣವು, ಎಣಿಸಿ ತೆಗೆದು ಎಣಿಸಿ ಡಬ್ಬಿಗೆ ಹಾಕಿ. ಕೆಲವರಿಗೆ ನಿಕ್ಕಲ್ ಲೇಪವಿರುವ ಲೋಹ ಮೈಗೆ ತಾಗಿದರೆ ತುರಿಕೆ, ದದ್ದು ಬರುತ್ತದೆ, ಬೆನ್ನಿನ ತೆರಪಿನ ಹಿಂದೆ ಹೊಲಿಯುವ ಪಟ್ಟಿ ಇಂಥವರಿಗೆ ಅಗತ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಮಕ್ಕಳ ಉಡುಪಿನಲ್ಲಿ ಕತ್ತಿನ ಸುತ್ತ ದಾರ ಬೇಡ. ಆಟವಾಡುವಾಗ, ಮೆಟ್ಟಿಲು ಇಳಿಯುವಾಗ ಎಲ್ಲಾದರೂ ಸಿಕ್ಕಿಕೊಂಡರೆ ಕತ್ತು ಬಿಗಿಯುವ ಅಪಾಯವಿದೆ. ಅಲ್ಲಿ ಹುಕ್ ಅಥವಾ ಟಿಚ್ ಬಟನ್ ಇಡಿ. ಬೆನ್ನಿನ ದಾರದ ತುದಿಗಳನ್ನೂ ಗಂಟು ಹಾಕಿ ಒಳಗೆ ಸೇರಿಸಿ.

ಪ್ರದರ್ಶನ ಮುಗಿದ ಮೇಲೆ ದಾರ ಬಿಚ್ಚಿ, ಬೆವರು ಆರುವವರೆಗೆ ಉಡುಪನ್ನು ಗಾಳಿಗೆ ಹರವಿ. ವಾಷಿಂಗ್ ಮಷೀನಿಗೆ ಹಾಕದೆ ಕೈಯಲ್ಲಿ ಒಗೆಯಿರಿ, ಇಸ್ತ್ರಿ ಮಾಡುವಾಗ ಲೋಹವನ್ನು ಬಿಟ್ಟು ಸುತ್ತ ಮಾತ್ರ ಒತ್ತಿ. ಹೊಸದಾಗಿ ಹೊಲಿಯುವವರಿಗೆ ಕೊನೆಯದಾಗಿ ಒಂದೇ ಮಾತು: ಬಜೆಟ್ಟಿನಲ್ಲಿ ಎಲ್ಲಾದರೂ ಉಳಿಸಲೇಬೇಕಿದ್ದರೆ ಡೈ, ಪ್ರೆಸ್, ಬಣ್ಣಬಣ್ಣದ ಉಂಗುರಗಳಲ್ಲಿ ಉಳಿಸಿ. ಒಳಗೆ ಹಾಕುವ ಕಾಲು ಮೀಟರ್ ಗಟ್ಟಿ ಕಾಟನ್ನಿನಲ್ಲಿ ಮಾತ್ರ ಉಳಿಸಬೇಡಿ.